ಉಸಿರು ಎಣಿಸೋಣ ಬನ್ನಿ



ನಾವೆಲ್ಲ ಇಲ್ಲಿ ಕೂತು ಅಕ್ಷರ ಕಲಿತೆವು. ನೂರರವರೆಗೆ ಎಣಿಸುವುದನ್ನು ಕಲಿತೆವು. ಗಡಿಯಾರ ನೋಡುವುದನ್ನೂ ಕಲಿತೆವು. ಈ ಎಣಿಕೆ ಸಂತೆಯ ಲೆಕ್ಕಕ್ಕೆ ಮಾತ್ರವೇ? ಅಲ್ಲ. ಇದರಿಂದ ಒಂದು ಜೀವವನ್ನೂ ಉಳಿಸಬಹುದು. ಹೇಗೆ ಅಂತ ಇವತ್ತು ನೋಡೋಣ.

ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳಿ. ಸುಮ್ಮನೆ ಕೂತುಕೊಳ್ಳಿ. ಹೊಟ್ಟೆ ಉಬ್ಬುತ್ತದೆ, ಇಳಿಯುತ್ತದೆ. ಒಂದು ಸಲ ಉಬ್ಬಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಿ. ಎಷ್ಟು ಬಂತು? ಒಬ್ಬರಿಗೆ 14 ಬಂದಿರಬಹುದು. ಇನ್ನೊಬ್ಬರಿಗೆ 18 ಬಂದಿರಬಹುದು. ಸುಮ್ಮನೆ ಕೂತ ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಇರುತ್ತದೆ. 15 ಅಂತ ಇಟ್ಟುಕೊಳ್ಳೋಣ. ಗಂಟೆಗೆ 900 ಆಯಿತು. ದಿನಕ್ಕೆ 21,600 ಆಯಿತು. ನಮ್ಮ ಹಿರಿಯರೂ ಇದೇ ಲೆಕ್ಕ ಹೇಳುತ್ತಿದ್ದರು.

ಊಟ ಇಲ್ಲದೆ ನಾಲ್ಕು ದಿನ ತಡೆಯಬಹುದು. ನೀರಿಲ್ಲದೆ ಒಂದೆರಡು ದಿನ ತಡೆಯಬಹುದು. ಉಸಿರಿಲ್ಲದೆ ಕೆಲವೇ ನಿಮಿಷ. ಯಾಕೆ ಹೀಗೆ? ಮೈಯೊಳಗೆ ಏನು ನಡೆಯುತ್ತೆ?

ಗಾಳಿಯ ದಾರಿ

ಗಾಳಿ ಮೂಗಿನಿಂದ ಒಳಗೆ ಹೋಗುತ್ತದೆ. ಮೂಗಿನ ಕೂದಲು ಜರಡಿ ಇದ್ದ ಹಾಗೆ. ಅದು ದೂಳನ್ನು ತಡೆಯುತ್ತದೆ. ಜರಡಿ ದಾಟಿ ಬಂದ ದೂಳು ಒಳಗಿನ ಲೋಳೆಗೆ ಅಂಟಿಕೊಳ್ಳುತ್ತದೆ. ತಣ್ಣನೆಯ ಗಾಳಿ ಮೂಗಿನಲ್ಲಿ ಬೆಚ್ಚಗಾಗುತ್ತದೆ.

ಗಂಟಲಲ್ಲಿ ಎರಡು ದಾರಿ ಇವೆ. ಒಂದು ಅನ್ನದ ದಾರಿ. ಇನ್ನೊಂದು ಗಾಳಿಯ ದಾರಿ. ನಾವು ನುಂಗುವಾಗ ಗಾಳಿಯ ದಾರಿಗೆ ಒಂದು ಪುಟ್ಟ ಮುಚ್ಚಳ ಬೀಳುತ್ತದೆ. ಉಣ್ಣುತ್ತಾ ಮಾತಾಡಿದರೆ, ನಕ್ಕರೆ, ಅಗುಳು ಗಾಳಿಯ ದಾರಿಗೆ ನುಗ್ಗುತ್ತೆ. ಆಗ ಕೆಮ್ಮು ಬರುತ್ತೆ. "ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು" ಅನ್ನುತ್ತೇವೆ. ನಿಜವಾಗಿ ಅದು ನೆತ್ತಿಗೆ ಹೋಗುವುದಿಲ್ಲ. ದಾರಿ ತಪ್ಪಿ ಬಂದದ್ದನ್ನು ಕೆಮ್ಮು ಹೊರಗೆ ತಳ್ಳುತ್ತದೆ, ಅಷ್ಟೆ.

ಗಾಳಿಯ ದಾರಿಗೆ ಶ್ವಾಸನಾಳ ಅಂತ ಹೆಸರು. ಇದು ಎದೆಯೊಳಗೆ ಎರಡಾಗಿ ಒಡೆಯುತ್ತದೆ. ಒಂದೊಂದು ಶ್ವಾಸಕೋಶಕ್ಕೆ ಒಂದೊಂದು ನಾಳ. ಆಮೇಲೆ ಕೊಂಬೆ, ರೆಂಬೆ ಆಗುತ್ತಾ ಹೋಗುತ್ತದೆ. ಮರವನ್ನು ತಲೆಕೆಳಗಾಗಿ ಹಿಡಿದ ಹಾಗೆ. ರೆಂಬೆಗಳ ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂಥ ಗಾಳಿಯ ಗೂಡುಗಳಿವೆ. ಒಂದಲ್ಲ, ಎರಡಲ್ಲ. ಎರಡೂ ಶ್ವಾಸಕೋಶ ಸೇರಿ 30 ಕೋಟಿಗೂ ಹೆಚ್ಚು!

ಗೂಡಿನ ಗೋಡೆ ಬಹಳ ತೆಳು. ಅದರ ಸುತ್ತ ರಕ್ತ ಹರಿಯುತ್ತಿರುತ್ತದೆ. ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ ಇದೆ. ಅದು ಗೋಡೆ ದಾಟಿ ರಕ್ತಕ್ಕೆ ಸೇರುತ್ತದೆ. ರಕ್ತ ಅದನ್ನು ಇಡೀ ಮೈಗೆ ಹಂಚುತ್ತದೆ. ಒಲೆ ಉರಿಯಲು ಗಾಳಿ ಬೇಕಲ್ಲವೇ? ಉಂಡ ಅನ್ನ ಶಕ್ತಿಯಾಗಲೂ ಹಾಗೆಯೇ ಆಮ್ಲಜನಕ ಬೇಕು. ಆಗ ಮೈಯಲ್ಲಿ ಇಂಗಾಲದ ಡೈ ಆಕ್ಸೈಡ್ ಎಂಬ ಬೇಡದ ಅನಿಲ ಹುಟ್ಟುತ್ತದೆ. ಅದನ್ನು ರಕ್ತ ಗೂಡಿಗೆ ತಂದು ಬಿಡುತ್ತದೆ. ನಾವು ಉಸಿರು ಬಿಟ್ಟಾಗ ಅದು ಹೊರಗೆ ಹೋಗುತ್ತದೆ.

ಎದೆಯೊಳಗಿನ ತಿದಿ

ಕಮ್ಮಾರನ ಕುಲುಮೆಯ ತಿದಿ ನೋಡಿದ್ದೀರಲ್ಲ? ಹಿಗ್ಗಿಸಿದರೆ ಗಾಳಿ ತುಂಬುತ್ತದೆ. ಅದುಮಿದರೆ ಗಾಳಿ ಹೊರಡುತ್ತದೆ. ನಮ್ಮ ಎದೆಯೂ ಹಾಗೆಯೇ. ಶ್ವಾಸಕೋಶ ತಾನಾಗಿ ಹಿಗ್ಗುವುದಿಲ್ಲ. ಅದರ ಕೆಳಗೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ವಪೆ ಕೆಳಗೆ ಸರಿಯುತ್ತದೆ, ಪಕ್ಕೆಲುಬು ಮೇಲೆ ಏಳುತ್ತದೆ. ಎದೆ ಅಗಲವಾಗಿ ಗಾಳಿ ಒಳಗೆ ಬರುತ್ತದೆ. ವಪೆ ಮೇಲೆ ಬಂದರೆ ಗಾಳಿ ಹೊರಗೆ ಹೋಗುತ್ತದೆ. ನಿದ್ದೆಯಲ್ಲೂ ಈ ತಿದಿ ನಿಲ್ಲುವುದಿಲ್ಲ.

ಗೂಡಿಗೆ ಕೀವು ತುಂಬಿದರೆ

ಈಗ ನಮ್ಮ ಗುಂಪಿನಲ್ಲಿ ನಡೆದದ್ದನ್ನು ಹೇಳುತ್ತೇವೆ. ಒಂದು ಮಳೆಗಾಲ. ಒಬ್ಬ ತಂಗಿ 7 ತಿಂಗಳ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಪಾಠಕ್ಕೆ ಬಂದಿದ್ದಳು. ಮಗುವಿಗೆ ನೆಗಡಿ, ಕೆಮ್ಮು. "ಹಲ್ಲು ಬರ್ತಾ ಇದೆ, ಅದಕ್ಕೇ ಹಿಂಗೆ" ಅಂದಳು. ಪಕ್ಕದಲ್ಲಿದ್ದ ಅಜ್ಜಿ "ದೃಷ್ಟಿ ಆಗಿದೆ, ನಿವಾಳಿಸವ್ವ" ಅಂದರು. ಮಗು ಬೇಗ ಬೇಗ ಉಸಿರಾಡುತ್ತಿತ್ತು. ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು ಎಣಿಸಿದೆವು. 62 ಬಂತು. ತಪ್ಪಿರಬಹುದು ಅಂತ ಇನ್ನೊಂದು ಸಲ ಎಣಿಸಿದೆವು. 61 ಬಂತು. ಪಾಠ ಅಲ್ಲಿಗೇ ನಿಲ್ಲಿಸಿ ಆರೋಗ್ಯ ಕೇಂದ್ರಕ್ಕೆ ಹೊರಟೆವು. "ನ್ಯುಮೋನಿಯಾ. ಬೇಗ ಬಂದಿದ್ದು ಒಳ್ಳೇದಾಯ್ತು" ಅಂದರು ಡಾಕ್ಟರು. ಮಗು ಉಳಿಯಿತು. "ಸಂತೆ ದಿನ ತೋರಿಸಿದರಾಯ್ತು ಅಂತ ಇದ್ದೆ" ಅಂತ ತಂಗಿ ಅತ್ತಳು. ಸಂತೆಗೆ ಇನ್ನೂ ನಾಲ್ಕು ದಿನ ಇತ್ತು.

ನ್ಯುಮೋನಿಯಾ ಅಂದರೆ ಏನು? ರೋಗಾಣು ಗಾಳಿಯ ಗೂಡಿಗೆ ಇಳಿಯುತ್ತದೆ. ಗೂಡಿನಲ್ಲಿ ನೀರು, ಕೀವು ತುಂಬುತ್ತದೆ. ಗಾಳಿಗೆ ಜಾಗ ಸಾಲುವುದಿಲ್ಲ. ರಕ್ತಕ್ಕೆ ಆಮ್ಲಜನಕ ಸಾಲುವುದಿಲ್ಲ. ಅದಕ್ಕೇ ಮಗು ಬೇಗ ಬೇಗ ಉಸಿರು ಎಳೆಯುತ್ತದೆ. ಬಾಯಿ ಬಾರದ ಮಗು ತನ್ನ ಕಷ್ಟವನ್ನು ಹೇಳುವುದೇ ಹೀಗೆ.

ಮೂರು ಅಂಕಿ ನೆನಪಿಡಿ

ಮಕ್ಕಳ ಉಸಿರು ದೊಡ್ಡವರಿಗಿಂತ ಬೇಗ ಇರುವುದು ಸಹಜ. ಆದರೆ ಅದಕ್ಕೂ ಒಂದು ಮಿತಿ ಇದೆ. ಕೆಮ್ಮು, ನೆಗಡಿ ಇರುವಾಗ ಒಂದು ನಿಮಿಷ ಪೂರ್ತಿ ಎಣಿಸಿ.

2 ತಿಂಗಳ ಒಳಗಿನ ಮಗು: 60 ಅಥವಾ ಹೆಚ್ಚು.
2 ತಿಂಗಳು ತುಂಬಿ 1 ವರ್ಷದ ಒಳಗಿನ ಮಗು: 50 ಅಥವಾ ಹೆಚ್ಚು.
1 ವರ್ಷ ತುಂಬಿ 5 ವರ್ಷದ ಒಳಗಿನ ಮಗು: 40 ಅಥವಾ ಹೆಚ್ಚು.

ಇಷ್ಟು ಬಂದರೆ ತಡ ಮಾಡಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ. ಮಗು ಅಳುವಾಗ, ಹಾಲು ಕುಡಿಯುವಾಗ, ಆಡಿ ಬಂದ ಕೂಡಲೇ ಎಣಿಸಬೇಡಿ. ಶಾಂತವಾಗಿ ಇರುವಾಗ ಎಣಿಸಿ.

ಉಸಿರು ಎಳೆದಾಗ ಪಕ್ಕೆ ಒಳಗೆ ಸೆಳೆಯುತ್ತದೆಯೇ? ಮಗು ಹಾಲು ಬಿಟ್ಟಿದೆಯೇ? ತುಟಿ ನೀಲಿಯಾಗಿದೆಯೇ? ಎಬ್ಬಿಸಿದರೂ ಏಳುತ್ತಿಲ್ಲವೇ? ಹಾಗಿದ್ದರೆ ಎಣಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿ. ಬರೆ ಹಾಕಬೇಡಿ. ಬರೆಯಿಂದ ಗೂಡಿನ ಕೀವು ಹೋಗುವುದಿಲ್ಲ, ಮಗುವಿಗೆ ಗಾಯವಾಗುತ್ತದೆ ಅಷ್ಟೆ.

ಬಾರದಂತೆ ನೋಡಿಕೊಳ್ಳೋಣ

ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡಿ. ಮಗು ಇರುವ ಕೋಣೆಯಲ್ಲಿ ಒಲೆಯ ಹೊಗೆ, ಬೀಡಿಯ ಹೊಗೆ ಬೇಡ. ಹೊಗೆ ಎಳೆಯ ಗೂಡುಗಳನ್ನು ಕೆಡಿಸುತ್ತದೆ. ನ್ಯುಮೋನಿಯಾ ತಡೆಯಲು ಪಿಸಿವಿ ಎಂಬ ಲಸಿಕೆ ಇದೆ. 2021ರಿಂದ ಸರ್ಕಾರ ಇದನ್ನು ದೇಶದ ಎಲ್ಲ ಕಡೆಗೂ ಉಚಿತವಾಗಿ ಒದಗಿಸಿದೆ. ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, 9 ತಿಂಗಳಿಗೆ ಹಾಕಿಸಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿ, ತಾಯಿ ಕಾರ್ಡು ತೆಗೆದು ನೋಡಿ. ಈಗ ಅದನ್ನು ನೀವೇ ಓದಬಲ್ಲಿರಿ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಮಗು ಮಲಗಿದಾಗ ಅದರ ಉಸಿರು ಎಣಿಸಿ, ಎಷ್ಟು ಬಂತು ಅಂತ ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ಚೆನ್ನಾಗಿರುವಾಗ ಎಷ್ಟಿತ್ತು ಅಂತ ಗೊತ್ತಿದ್ದರೆ ಕಾಯಿಲೆ ಬಂದಾಗ ತಟ್ಟನೆ ತಿಳಿಯುತ್ತದೆ. 60, 50, 40. ಈ ಮೂರು ಅಂಕಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಓದಲು ಬಾರದ ನೆರೆಮನೆಯವರಿಗೂ ಹೇಳಿಕೊಡಿ.

ನಾಳೆ ಎಲ್ಲರ ಲೆಕ್ಕವನ್ನೂ ನೋಡೋಣ.