ಹಳೆಯ ಮೋಟಾರಿಗೆ ಹೊಸ ಮೈ

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ನಾಡಿನ ಮಾತನ್ನು ಬಿಟ್ಟು ತುಕ್ಕು ಹಿಡಿದ ಮೋಟಾರಿನ ಮಾತನ್ನು ಎತ್ತುವುದೆ ಎಂದು ತಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಈ ಮೋಟಾರಿಗೂ ನಮ್ಮ ನಾಡಿಗೂ ಇರುವ ನಂಟು ತೀರ ದೂರದ್ದಲ್ಲ. ಆ ನಂಟನ್ನು ಮೊದಲು ಹೇಳಿ, ಬೈಕುಲ್ಲಾದ ಗೆಳೆಯರಾದ ನಾವು ನಾಲ್ವರು ಕೈಹಾಕಿದ ಕೆಲಸದ ವಿಚಾರಕ್ಕೆ ಆಮೇಲೆ ಬರುತ್ತೇವೆ.

ನಮ್ಮ ದೇಶದಲ್ಲಿಯೆ ಮೋಟಾರು ತಯಾರಾಗಬೇಕೆಂದು ಹಟ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಅಗ್ರಗಣ್ಯರು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ ಎಂಜಿನಿಯರರಾಗಿ ಸೇರಿದ ಅವರು ಒಂದು ಅರ್ಥದಲ್ಲಿ ನಮ್ಮಂತೆಯೆ ಹೊಟ್ಟೆಪಾಡಿಗೆ ಈ ಪ್ರಾಂತಕ್ಕೆ ಬಂದ ಕನ್ನಡಿಗರು. ದಿವಾನಗಿರಿ ಮುಗಿಸಿ ಎಷ್ಟೋ ವರ್ಷಗಳ ಮೇಲೆ, 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಅಮೆರಿಕಗಳನ್ನು ಸುತ್ತಿ ಅಲ್ಲಿಯ ಮೋಟಾರು ಕಾರಖಾನೆಗಳನ್ನು ನೋಡಿ ಬಂದು, ಇಲ್ಲಿಯೂ ಅಂಥದೊಂದನ್ನು ಕಟ್ಟಲು ಯೋಜನೆಯನ್ನು ಸಿದ್ಧಪಡಿಸಿದರು. ಅಂದಿನ ಬ್ರಿಟಿಷ್ ಸರಕಾರದ ಬೆಂಬಲ ಅದಕ್ಕೆ ದೊರೆಯಲಿಲ್ಲ. ಆದರೆ ಆ ಯೋಜನೆಯಲ್ಲಿ ಅವರೊಡನೆ ದುಡಿದ ವಾಲಚಂದ ಹಿರಾಚಂದರು ಕೈಬಿಡಲಿಲ್ಲ. 1940ರಲ್ಲಿ ಮೈಸೂರು ಸರಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರಖಾನೆಯನ್ನು ಆರಂಭಿಸಿದವರೂ ಅವರೆ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೆ. ಆ ಸಂಸ್ಥೆಯ ಕಾರಖಾನೆ ಎದ್ದುನಿಂತದ್ದು ಇಲ್ಲಿಯೆ, ನಮ್ಮ ಕುರ್ಲಾದಲ್ಲಿ.

ಆ ಕುರ್ಲಾದಿಂದ ಹೊರಬಿದ್ದ ಫಿಯಟ್ 1100 ಗಾಡಿಯನ್ನು ಕಾಣದ ಮುಂಬಯಿಗನಿಲ್ಲ. ಮೊದಲಿಗೆ ಬಂದ ಗುಂಡು ಮೈಯ ಗಾಡಿಯನ್ನು ಜನ ‘ಡುಕ್ಕರ್ ಫಿಯಟ್’ ಎಂದು ಕರೆದರು. ಮರಾಠಿಯಲ್ಲಿ ಡುಕ್ಕರ್ ಎಂದರೆ ಹಂದಿ. ಆಮೇಲೆ ‘ಡಿಲೈಟ್’ ಬಂತು, ‘ಪ್ರೆಸಿಡೆಂಟ್’ ಬಂತು, 1974ರಲ್ಲಿ ‘ಪದ್ಮಿನಿ’ ಎಂಬ ಹೆಸರು ಬಂತು. ಕರಿ ಹಳದಿ ಬಣ್ಣ ಹೊತ್ತು ಟ್ಯಾಕ್ಸಿಯಾಗಿ ಈ ಊರನ್ನೆಲ್ಲ ಹೊತ್ತು ತಿರುಗಿದ್ದು ಇದೇ ಪದ್ಮಿನಿ. ಊರಿನಿಂದ ಬಂದಿಳಿದ ಎಷ್ಟೋ ಕನ್ನಡ ಸಂಸಾರಗಳ ಟ್ರಂಕು, ಹಾಸಿಗೆ ಸುರುಳಿ, ಉಪ್ಪಿನಕಾಯಿಯ ಭರಣಿಗಳು ಅದರ ತಲೆಯ ಮೇಲಿನ ಕಂಬಿಯಲ್ಲಿಯೆ ಅಲ್ಲವೆ ಚಾಳು ಸೇರಿದುದು? ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ತಾರದೇವದ ಆರ್‌ಟಿಒ ಕಚೇರಿಯಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾಯಿತು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಆಯುಷ್ಯವೆಂಬ ಕಟ್ಟಳೆಯಂತೆ 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಿಂದ ಮರೆಯಾದವು.

ಇನ್ನು ನಮ್ಮ ಕಥೆ. ನಮ್ಮ ಗೆಳೆಯರೊಬ್ಬರ ತಂದೆಯವರು ಕೊಂಡಿದ್ದ 1960ರ ದಶಕದ ಫಿಯಟ್ ಡಿಲೈಟ್, ಅವರು ತೀರಿಕೊಂಡ ಮೇಲೆ ಬೈಕುಲ್ಲಾದ ಒಂದು ಹಿತ್ತಲಿನಲ್ಲಿ ಹನ್ನೆರಡು ಮಳೆಗಾಲಗಳನ್ನು ಕಂಡಿತ್ತು. ಅದನ್ನು ಮತ್ತೆ ಓಡಿಸಬೇಕೆಂಬುದು ಗೆಳೆಯರ ಆಸೆ. ಅದರಲ್ಲಿ ಕುಳಿತು ಒಮ್ಮೆ ಮಹಾಲಕ್ಷ್ಮಿಯ ದರ್ಶನಕ್ಕೆ ಹೋಗಬೇಕೆಂಬುದು ಅವರ ತಾಯಿಯವರ ಆಸೆ. ತಾಯಿಯವರಿಗೆ ಎಂಬತ್ತು ಮೀರಿದೆ. ಆದುದರಿಂದ ‘ನೋಡೋಣ, ಆದಾಗ ಆಗಲಿ’ ಎನ್ನುವ ಕೆಲಸ ಇದಾಗಿರಲಿಲ್ಲ.

ಎಂಜಿನ್ ಅಷ್ಟು ಕೆಟ್ಟಿರಲಿಲ್ಲ. 1089 ಸಿ.ಸಿ.ಯ ಆ ಪುಟ್ಟ ಎಂಜಿನ್ನು ಗಟ್ಟಿ ಜೀವ. ಸ್ಟೀಯರಿಂಗಿನ ಕೊರಳಿಗೆ ಅಂಟಿಕೊಂಡ ಗೇರಿನ ಹಿಡಿಯೂ ನೆಟ್ಟಗಿತ್ತು. ಕೆಟ್ಟದ್ದು ಮೈ. ಲಾರಿಗೂ ಬಸ್ಸಿಗೂ ಕೆಳಗೆ ಚಾಸಿ ಎಂಬ ಉಕ್ಕಿನ ಬೆನ್ನೆಲುಬು ಇರುತ್ತದೆ. ಮೇಲಿನ ಬಾಡಿಯನ್ನು ಬಿಚ್ಚಿ ಬೇರೆ ಕೂರಿಸಿದರೂ ಗಾಡಿ ಅದೇ. ಆದರೆ 1953ರಲ್ಲಿ ಇಟಲಿಯಲ್ಲಿ ರೂಪುಗೊಂಡ ಈ ಫಿಯಟ್ಟಿಗೆ ಬೇರೆ ಚಾಸಿ ಇಲ್ಲ. ತೆಳು ತಗಡುಗಳನ್ನು ಮಡಿಸಿ, ಒಂದಕ್ಕೊಂದು ಬೆಸೆದು ಮಾಡಿದ ಗೂಡೇ ಅದರ ಮೈ, ಅದೇ ಅದರ ಮೂಳೆ. ಬಾಗಿಲಿನ ಕೆಳಗಿನ ತೊಲೆ ಸಡಿಲಿದರೆ, ಹಿಂದಿನ ಪಟ್ಟಿ ಸ್ಪ್ರಿಂಗು ಹಿಡಿದ ಜಾಗ ಕೊಳೆತರೆ, ಗಾಡಿ ನಡುಮುರಿದಂತೆಯೆ.

ತುಕ್ಕು ಹೇಗೆ ಬರುತ್ತದೆ? ಕಬ್ಬಿಣಕ್ಕೆ ನೀರೂ ಗಾಳಿಯಲ್ಲಿರುವ ಆಮ್ಲಜನಕವೂ ಒಟ್ಟಿಗೆ ಸೋಂಕಿದಾಗ ಬರುತ್ತದೆ. ಉಪ್ಪು ಸೇರಿದರೆ ಅದರ ಓಟ ಇನ್ನೂ ಜೋರು. ಮುಂಬಯಿಯ ಗಾಳಿಯಲ್ಲಿ ಸಮುದ್ರದ ಉಪ್ಪಿಗೆ ಬರವೆ? ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ; ಬಣ್ಣವನ್ನು ಎಬ್ಬಿಸಿ ಗುಳ್ಳೆ ಮಾಡುತ್ತದೆ; ಗುಳ್ಳೆಯ ಒಳಗೆ ಮತ್ತೆ ತೇವ ನಿಲ್ಲುತ್ತದೆ. ಬಾಗಿಲಿನ ಬುಡದಲ್ಲಿ ನೀರಿಳಿಯಲು ಇಟ್ಟ ಸಣ್ಣ ತೂತುಗಳು ಧೂಳಿನಿಂದ ಮುಚ್ಚಿಹೋದರೆ ಒಳಗೆ ಕೆರೆ ಕಟ್ಟಿದಂತಾಗುತ್ತದೆ. ಹೊರಗೆ ಥಳಕು, ಒಳಗೆ ಹುಳುಕು ಎಂದು ನಮ್ಮ ಹಿರಿಯರು ಹೇಳಿದುದು ಈ ಗಾಡಿಯನ್ನು ಕಂಡೇ ಇರಬೇಕು! ಪುಟ್ಟಿ ಮೆತ್ತಿದ ಕಡೆ ಅಯಸ್ಕಾಂತ ಅಂಟುವುದಿಲ್ಲ. ನಾವು ಒಂದು ಸಣ್ಣ ಅಯಸ್ಕಾಂತವನ್ನು ಹಿಡಿದು ಗಾಡಿಯ ಸುತ್ತ ಬಂದಾಗ ಅದು ಅಂಟಿದ ಜಾಗಕ್ಕಿಂತ ಜಾರಿದ ಜಾಗವೇ ಹೆಚ್ಚಾಗಿತ್ತು. ನೆಲದ ತಗಡಿನ ಮೇಲೆ ಕಾಲಿಟ್ಟರೆ ಹಪ್ಪಳದ ಸದ್ದು.

ತೇಪೆ ಹಾಕಬಹುದಿತ್ತು. ಆದರೆ ತೇಪೆಗೆ ಬೆಸುಗೆ ಹಿಡಿಯಲು ಅಂಚಿನಲ್ಲಿಯಾದರೂ ಗಟ್ಟಿ ತಗಡು ಬೇಕಲ್ಲ! ಇಂಗ್ಲೆಂಡಿನಲ್ಲಿ ಇಂಥ ಸಂಕಟಕ್ಕೆ ಒಂದು ದಾರಿ ಮಾಡಿಕೊಂಡಿದ್ದಾರೆ. 1962ರಿಂದ 1980ರ ವರೆಗೆ ತಯಾರಾದ ಎಂ.ಜಿ.ಬಿ. ಎಂಬ ಕಾರಿಗೆ, ಅದು ನಿಂತುಹೋದ ಮೇಲೆ, 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಅಚ್ಚುಗಳಿಂದಲೆ ಹೊಸ ಗೂಡುಗಳನ್ನು ಒತ್ತಿ ಮಾರತೊಡಗಿತು. ಹಳೆಯ ಕಾರಿನ ಎಂಜಿನ್ನು, ಚಕ್ರ, ಕುರ್ಚಿಗಳನ್ನೆಲ್ಲ ಬಿಚ್ಚಿ ಹೊಸ ಗೂಡಿಗೆ ತೊಡಿಸಿದರಾಯಿತು. ನಮ್ಮ ಫಿಯಟ್ಟಿಗೆ ಅಂಥ ಏರ್ಪಾಡು ನಮಗೆ ದೊರೆಯಲಿಲ್ಲ. ಕುರ್ಲಾದ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಚೋರ್ ಬಾಜಾರಿನಲ್ಲಿಯೂ ದೀಪ, ಹಿಡಿ, ಬಂಪರು ಸಿಕ್ಕವು. ಗಟ್ಟಿ ಗೂಡು ಸಿಗಲಿಲ್ಲ.

ಸಿಕ್ಕಿದ್ದು ನಮ್ಮ ನಾಡಿನಲ್ಲಿ. ವಿಜಾಪುರದ ಕಡೆಯ ಒಂದು ಒಣ ಕೊಟ್ಟಿಗೆಯಲ್ಲಿ ಅದೇ ಮಾದರಿಯ ಗಾಡಿಯೊಂದು ನಿಂತಿತ್ತು. ಎಂಜಿನ್ನು ಒಡೆದುಹೋಗಿತ್ತು, ಕುರ್ಚಿಗಳನ್ನು ಇಲಿ ತಿಂದಿತ್ತು; ತಗಡು ಮಾತ್ರ ಬಡಿದರೆ ಗಂಟೆಯಂತೆ ನುಡಿಯುತ್ತಿತ್ತು. ಮಳೆಯನ್ನೇ ಎದುರು ನೋಡುವ ಆ ಸೀಮೆಯ ಒಣ ಹವೆ ಕಬ್ಬಿಣವನ್ನು ಕಾಯ್ದಿತ್ತು. ರೈತನಿಗೆ ಶಾಪವಾದ ಹವೆ ತಗಡಿಗೆ ವರವಾಯಿತು. ಕ್ರಯ ಮಾಡಿ, ಕಾಗದ ಪತ್ರಗಳ ಸಹಿತ ಅದನ್ನು ಲಾರಿಯ ಮೇಲೇರಿಸಿ, ಸೊಲ್ಲಾಪುರ ಪುಣೆಗಳ ದಾರಿಯಾಗಿ ಬೈಕುಲ್ಲಾಕ್ಕೆ ತಂದೆವು. ಅದೂ ನಮ್ಮಂತೆ ವಲಸೆ ಬಂದಿತೆನ್ನಿ.

ಇಲ್ಲಿಯೆ ಒಂದು ಧರ್ಮಸಂಕಟ ಎದುರಾಯಿತು. ಚಾಸಿಯ ನಂಬರು ಕೊರೆದಿರುವುದು ಗೂಡಿನ ಮೇಲೆ. ಗೂಡು ಬದಲಾದರೆ ನಂಬರೂ ಬದಲು. ಎಂದರೆ ಕಾನೂನಿನ ಕಣ್ಣಿಗೆ ಬದುಕುಳಿಯುವುದು ವಿಜಾಪುರದ ಗಾಡಿ, ಇಲ್ಲವಾಗುವುದು ತಂದೆಯವರ ಗಾಡಿ. ತಂದೆಯವರ ನಂಬರು ಆ ಮನೆಯವರಿಗೆ ಬಾಯಿಪಾಠ. ಮಕ್ಕಳು ಅಂಕಿಗಳನ್ನು ಕಲಿತದ್ದೇ ಆ ಹಲಗೆ ನೋಡಿ. ಕೆಲಸಕ್ಕೆ ಬಂದ ಒಬ್ಬ ಕಸಬುದಾರ ಬಹಳ ಸಲೀಸಾಗಿ ಹೇಳಿದ: “ಹಳೆಯ ನಂಬರಿನ ತಗಡನ್ನು ಕತ್ತರಿಸಿ ಹೊಸ ಗೂಡಿಗೆ ಬೆಸೆದರಾಯಿತು. ಒಂದು ಗಂಟೆಯ ಕೆಲಸ, ಯಾರಿಗೂ ತಿಳಿಯುವುದಿಲ್ಲ.”

ಕದ್ದ ಗಾಡಿಗಳಿಗೆ ವೇಷ ಹಾಕುವ ರೀತಿಯೂ ಇದೇ ತಾನೆ? ನಂಬರು ತಿದ್ದುವುದು ಅಪರಾಧ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಕೊಟ್ಟ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2021ರ ನಿಯಮಗಳಂತೆ ಐವತ್ತು ವರ್ಷ ಮೀರಿದ ಗಾಡಿಗಳಿಗೆ ‘ವಿಂಟೇಜ್’ ಎಂಬ ಮರ್ಯಾದೆಯೂ ‘ವಿಎ’ ಅಕ್ಷರದ ಹಲಗೆಯೂ ದೊರೆಯುತ್ತವೆ. ಆದರೆ ಚಾಸಿ, ಬಾಡಿ ಶೆಲ್ಲು, ಎಂಜಿನ್ನುಗಳಲ್ಲಿ ಮಾರ್ಪಾಡು ಆಗಿರಬಾರದು, ನಿತ್ಯದ ಓಡಾಟಕ್ಕೂ ಅವನ್ನು ಬಳಸಬಾರದು. ಹೀಗಾಗಿ ಆ ಮರ್ಯಾದೆಯ ಆಸೆಯನ್ನೂ ಬಿಡಬೇಕಾಯಿತು.

ಗೆಳೆಯರು ಎರಡು ದಿನ ಮಾತನಾಡಲಿಲ್ಲ. ಕಡೆಗೆ ತೀರ್ಮಾನ ಹೇಳಿದವರು ತಾಯಿಯವರು: “ನಂಬರು ಹೋದರೆ ಹೋಗಲಿ ಮಗ. ಸುಳ್ಳು ನಂಬರಿನ ಗಾಡಿಯಲ್ಲಿ ದೇವರ ಹತ್ತಿರ ಹೇಗೆ ಹೋಗಲಿ?” ಆ ಮಾತಿನ ಮೇಲೆ ನಮ್ಮಲ್ಲಿ ಯಾರೂ ಎದುರಾಡಲಿಲ್ಲ. ತಂದೆಯವರ ಗಾಡಿಯ ನೋಂದಣಿಯನ್ನು ವಿಧಿಪೂರ್ವಕ ರದ್ದು ಮಾಡಿಸಿದೆವು. ವಿಜಾಪುರದ ಗಾಡಿಗೆ ಕರ್ನಾಟಕದ ಆಕ್ಷೇಪಣೆಯಿಲ್ಲದ ಪತ್ರ, ಮಾಲಿಕತ್ವದ ವರ್ಗಾವಣೆ, ಎಂಜಿನ್ನು ಬದಲಾದುದರ ಅನುಮತಿ, ಇಲ್ಲಿಯ ಹೊಸ ನಂಬರು, ಎಲ್ಲವನ್ನೂ ಒಂದೊಂದಾಗಿ ಮಾಡಿಸಿದೆವು. ತಗಡಿನ ಕೆಲಸಕ್ಕೆ ಹಿಡಿದಷ್ಟೆ ಕಾಲ ಕಾಗದದ ಕೆಲಸಕ್ಕೂ ಹಿಡಿಯಿತು.

ತಗಡಿನ ಕೆಲಸವೂ ಸುಲಭವಾಗಿರಲಿಲ್ಲ. ಮೊದಲು ಗೂಡಿನ ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದೆವು; ಎರಡು ಕರ್ಣಗಳೂ ಸಮವಿದ್ದರೆ ಗೂಡು ಸೊಟ್ಟಗಿಲ್ಲವೆಂದು ಅರ್ಥ. ಹಳೆಯ ಗಾಡಿಯಿಂದ ತೆಗೆದ ಒಂದೊಂದು ತಂತಿಗೂ ಚೀಟಿ ಕಟ್ಟಿದೆವು. ಕನ್ನಡದಲ್ಲಿ ಬರೆದ ಚೀಟಿಗಳನ್ನು ನೋಡಿ ಉತ್ತರ ಪ್ರದೇಶದ ಎಲೆಕ್ಟ್ರಿಶಿಯನ್ ಮೊದಲು ತಲೆ ಕೆರೆದುಕೊಂಡ. ಕೆಲಸ ಮುಗಿಯುವ ವೇಳೆಗೆ ಎಡ, ಬಲ, ಹಿಂದೆ, ಮುಂದೆ ಎಂಬ ನಾಲ್ಕು ಮಾತು ಕಲಿತುಬಿಟ್ಟ! ಪೆಟ್ರೋಲಿನ ಟಾಕಿ ತೆಗೆದು ದೂರವಿಟ್ಟ ಮೇಲೆಯೆ ಬೆಸುಗೆಯ ಬೆಂಕಿ. ಬಣ್ಣವನ್ನು ತಗಡಿನ ತನಕ ಕೆರೆದು, ಪ್ರೈಮರು ಕೊಟ್ಟು, ಕಣ್ಣಿಗೆ ಕಾಣದ ಪೊಳ್ಳುಗಳಿಗೆಲ್ಲ ಮೇಣ ಎರಚಿದೆವು. ಬ್ರೇಕಿನ ಕೊಳವೆಗಳನ್ನೂ ರಬ್ಬರುಗಳನ್ನೂ ಹೊಸದಾಗಿಯೆ ಹಾಕಿದೆವು. ಜೀವಕ್ಕೆ ಸಂಬಂಧಿಸಿದಲ್ಲಿ ಹಳೆಯದರ ಮೋಹ ಸಲ್ಲದು. ಕಡೆಗೆ ತಂದೆಯವರ ಎಂಜಿನ್ನು, ಅವರ ಕೈ ಸವೆಸಿದ ಸ್ಟೀಯರಿಂಗು, ಅವರ ಕುರ್ಚಿಗಳು ಹೊಸ ಗೂಡನ್ನು ಸೇರಿದವು.

ಈಗ ಇದು ಯಾರ ಗಾಡಿ? ನಮ್ಮ ಊರುಗಳಲ್ಲಿ ದೇವರ ತೇರು ಇದೆ. ಒಂದು ವರ್ಷ ಗಾಲಿ ಬದಲಾಗುತ್ತದೆ, ಇನ್ನೊಂದು ವರ್ಷ ಅಚ್ಚು, ಮತ್ತೊಂದು ವರ್ಷ ತೊಲೆ. ಆದರೂ ಅದು ಅದೇ ದೇವರ ತೇರು. ಎಳೆಯುವ ಹಗ್ಗಕ್ಕೆ ಕೈಹಾಕಿದವನು ಲೆಕ್ಕ ಕೇಳುವುದಿಲ್ಲ. ಇತ್ತ ನಮ್ಮ ಬೈಕುಲ್ಲಾದ ರಾಣಿಬಾಗಿನ ಪಕ್ಕದಲ್ಲಿ 1872ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. 1975ರಿಂದ ಅದಕ್ಕೆ ಡಾಕ್ಟರ್ ಭಾವು ದಾಜಿ ಲಾಡರ ಹೆಸರು. ಅದರ ಜೀರ್ಣೋದ್ಧಾರಕ್ಕೆ 2005ರಲ್ಲಿ ಯುನೆಸ್ಕೊದ ಪ್ರಶಸ್ತಿ ಬಂತು. ಅಲ್ಲಿ ಹಳೆಯ ಕಟ್ಟಡವನ್ನೇ ಉಳಿಸಿ ಕಾಯ್ದರು. ಮೈ ಉಳಿಯುವಂತಿದ್ದರೆ ಮೈಯನ್ನೇ ಉಳಿಸಬೇಕು. ಉಳಿಯದಿದ್ದರೆ ಬದಲಿಸಬೇಕು, ಬದಲಿಸಿದೆವೆಂದು ಬಾಯಿಬಿಟ್ಟು ಹೇಳಬೇಕು. ನಮಗೆ ತೋಚಿದ ನ್ಯಾಯ ಇಷ್ಟೆ.

ತಮ್ಮಲ್ಲಿ ಯಾರ ಮನೆಯಲ್ಲಾದರೂ ಹಿರಿಯರ ಗಾಡಿ ಮೂಲೆಯಲ್ಲಿ ನಿಂತಿದ್ದರೆ ಎರಡು ಮಾತು. ಮಳೆಗಾಲಕ್ಕೆ ಮುಂಚೆ ಬಾಗಿಲಿನ ಬುಡದ ತೂತುಗಳನ್ನು ಒಂದು ಕಡ್ಡಿಯಿಂದ ಬಿಡಿಸಿರಿ. ಕಾಲಡಿಯ ಹಾಸನ್ನು ಎತ್ತಿ ಒಣಗಿಸಿರಿ. ಪ್ಲಾಸ್ಟಿಕ್ ಹೊದಿಕೆಯಿಂದ ಬಿಗಿಯಾಗಿ ಮುಚ್ಚಬೇಡಿರಿ; ಒಳಗಿನ ತೇವ ಹೊರಗೆ ಹೋಗದೆ ಮೈಯನ್ನೆ ತಿನ್ನುತ್ತದೆ. ಇನ್ನು ಬೇರೆ ಗೂಡು ಕೊಳ್ಳುವ ಪ್ರಸಂಗ ಬಂದರೆ, ಹಣ ಕೊಡುವ ಮೊದಲು ಕಾಗದದಲ್ಲಿರುವ ನಂಬರನ್ನೂ ತಗಡಿನ ನಂಬರನ್ನೂ ಬೆರಳಿಟ್ಟು ಹೋಲಿಸಿರಿ.

ಊರು ಬಿಟ್ಟು ಬಂದ ನಮ್ಮ ಮಕ್ಕಳು ಮುಂಬಯಿಯ ಮೈಯಲ್ಲಿ ಬೆಳೆಯುತ್ತಿದ್ದಾರೆ. ಅವರ ಉಡುಪು, ಶಾಲೆ, ಬೀದಿಯ ಮಾತು ಈ ಊರಿನವು, ಅದನ್ನು ಮುಚ್ಚಿಡಬೇಕಾದುದಿಲ್ಲ. ಒಳಗೆ ಓಡುವ ಎಂಜಿನ್ನು ಕನ್ನಡದ್ದಾಗಿರುವಂತೆ ನೋಡಿಕೊಳ್ಳುವುದು ನಮ್ಮ ನಿಮ್ಮ ಕೈಯಲ್ಲಿದೆ. ಅದಕ್ಕೂ ವರ್ಷಕ್ಕೊಮ್ಮೆ ನವೆಂಬರ್ ಒಂದರಂದು ಬಣ್ಣ ಬಳಿದರೆ ಸಾಲದು. ತೇವ ಎಲ್ಲಿ ನಿಂತಿದೆಯೆಂದು ದಿನವೂ ನೋಡುತ್ತಿರಬೇಕು.

ಗೆಳೆಯರ ತಂದೆಯವರ ನಂಬರಿನ ಹಲಗೆ ಈಗ ಮನೆಯ ಗೋಡೆಯ ಮೇಲೆ ಅವರ ಪಟದ ಕೆಳಗಿದೆ. ಗಾಡಿಯ ಮೇಲೆ ಹೊಸ ನಂಬರಿದೆ. ತಾಯಿಯವರು ಮಹಾಲಕ್ಷ್ಮಿಯ ದರ್ಶನ ಮಾಡಿ ಬಂದರು. ದಾರಿಯುದ್ದಕ್ಕೂ ಗೇರು ಸರಿಯಾಗಿ ಹಾಕುತ್ತಿಲ್ಲವೆಂದು ಮಗನನ್ನು ಗದರಿಸಿದರಂತೆ.