ಬಾಡಿಗೆ ಮನೆಯಲ್ಲಿದ್ದು ಸಾಲದ ರಾಜಿ
(ಮಸೂತಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಸಾಲಿಗಂತ ನಮ್ಮಲ್ಲಿ ಕೆಲವರು ಊರ ಮನೀಗೆ ಕೀಲಿ ಹಾಕಿ ಬಾಗೇವಾಡಿ, ವಿಜಯಪುರದಾಗ ಬಾಡಿಗೆ ಮನೀ ಹಿಡಿದಾರ. ಬ್ಯಾಂಕಿನವರು ರಾಜಿ ತೀರುವಳಿ ಕಾಗದ ಮುಂದಿಟ್ಟಾಗ ಸಹಿ ಮಾಡುವ ಮೊದಲು ಮೂರು ಮಾತು ನೆನಪಿಡ್ರಿ.

ಒಂದು: 1908ರ ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಕಲಮಿನ ಪ್ರಕಾರ ರೈತ ವಾಸವಿರುವ ಸ್ವಂತ ಮನೆ, ಎತ್ತು, ಒಕ್ಕಲುತನದ ಸಾಮಾನು ಜಪ್ತಿಯಿಂದ ಹೊರಗಿವೆ. ಒತ್ತೆ ಇಟ್ಟ ಮನೀಗೆ ಈ ಆಸರೆ ಇಲ್ಲ. ಕೀಲಿ ಹಾಕಿದ ಮನೀಗೆ 'ವಾಸ ಎಲ್ಲಿ?' ಅನ್ನೋ ತಕರಾರು ಏಳುತ್ತದೆ. ಬಾಡಿಗೆ ಮನೆಯ ವಿಳಾಸ ಬ್ಯಾಂಕಿಗೆ ಬರೆದು ಕೊಡ್ರಿ. ಇಲ್ಲದಿದ್ದರೆ ನೋಟೀಸು ಕೀಲಿ ಹಾಕಿದ ಬಾಗಿಲಿಗೇ ಬಂದು ಹೋಗುತ್ತದೆ.

ಎರಡು: ಬಾಡಿಗೆ ತಿಂಗಳಿಗೊಮ್ಮೆ, ತೊಗರಿ ವರ್ಷಕ್ಕೊಮ್ಮೆ. ಅದಕ್ಕೆ ಕಂತು ಸುಗ್ಗಿಗೇ ಕೇಳ್ರಿ. ಬಾಡಿಗೆ, ಬೀಜ, ಗೊಬ್ಬರ ತೆಗೆದಿಟ್ಟು ಉಳಿಯುವಷ್ಟೇ ಒಪ್ಪಿಕೊಳ್ರಿ. ಕಂತು ತಪ್ಪಿದರೆ ಬಿಟ್ಟ ಬಡ್ಡಿ ತಿರುಗಿ ತಲೆಮೇಲೆ ಕೂಡಬಹುದು. ಸಾಹುಕಾರನ ಕೈಗಡ ತಂದು ಕಟ್ಟಿದರೆ ಸಾಲ ತೀರಲಿಲ್ಲ, ಬರೇ ಮನೀ ಬದಲಿಸಿತು.

ಮೂರು: ಹಣ ಕಟ್ಟಿದ ಮೇಲೆ ಬೇಬಾಕಿ ಪತ್ರ ತಗೊಂಡು ಉತಾರದ 11ನೇ ಕಾಲಮಿನ ಬೋಜಾ ತೆಗೆಸ್ರಿ.

1980ರ ಜುಲೈಯಲ್ಲಿ ನರಗುಂದ, ನವಲಗುಂದದ ರೈತರು ಕರದ ಬಾಕಿಯ ವಿರುದ್ಧ ಕೂಡಿ ನಿಂತರು. ನಾವೂ ಬ್ಯಾಂಕಿಗೆ ಒಬ್ಬೊಬ್ಬರೇ ಹೋಗುವುದು ಬೇಡ, ಕೂಡಿ ಹೋಗೋಣ.