ಪಕ್ಕದವರ ದರ ಗೊತ್ತಿಲ್ಲದ ಚೌಕಾಶಿ

ಮೊಬೈಲಿನಲ್ಲಿ ಮಾತಾಡುತ್ತಾ ನೀವು ಒಂದು ಗಳಿಗೆ ಸುಮ್ಮನಾದಿರಿ ಅನ್ನಿ. ಆಗ ಆ ಕಡೆಯವರ ಕಿವಿಗೆ ಸಣ್ಣ ಗುಸುಗುಸು ಸದ್ದು ಬೀಳುತ್ತದೆ. ಬಹಳ ಸಲ ಅದು ನಿಮ್ಮ ಮನೆಯ ಸದ್ದಲ್ಲ. ನೀವು ಮಾತು ನಿಲ್ಲಿಸಿದಾಗ ನಿಮ್ಮ ಫೋನು ಕಳಿಸುವುದನ್ನೂ ತಗ್ಗಿಸುತ್ತದೆ. ಕರೆ ಕಡಿಯಿತೋ ಎಂದು ಅವರು ಗಾಬರಿಯಾಗಬಾರದಲ್ಲ, ಅದಕ್ಕೇ ಅವರ ಫೋನು ತಾನೇ ಆ ಸದ್ದನ್ನು ಹುಟ್ಟಿಸಿಕೊಡುತ್ತದೆ. ಸಿಗ್ನಲ್ ಕುಂದಿದಾಗ ಧ್ವನಿಯನ್ನು ಇನ್ನಷ್ಟು ಹಿಂಡಿ, ಉಳಿದ ಜಾಗವನ್ನು ತಪ್ಪು ತಿದ್ದುವ ಕೆಲಸಕ್ಕೆ ಬಿಡುವ ಉಪಾಯವೂ ಇದೆ. ಈ ಏರ್ಪಾಡಿನ ಹೆಸರು ಎಎಂಆರ್. ಸೆಕೆಂಡಿಗೆ 12.2 ಕಿಲೋಬಿಟ್‌ನಿಂದ 4.75ರವರೆಗೆ ಅದಕ್ಕೆ ಎಂಟು ಮೆಟ್ಟಿಲು.

ಈ ಎಎಂಆರ್, ಜೊತೆಗೆ ಎಡ್ಜ್ ಮತ್ತು 3ಜಿ ಎಂಬ ಮೊಬೈಲ್ ತಂತ್ರಜ್ಞಾನಗಳಿಗೆ ಸೇರಿದ ತನ್ನ ಎಂಟು ಪೇಟೆಂಟುಗಳನ್ನು ಮುಂದಿಟ್ಟುಕೊಂಡು, ಸ್ವೀಡನ್ನಿನ ಎರಿಕ್ಸನ್ ಕಂಪನಿ 2015ರಲ್ಲಿ ನಮ್ಮದೇ ದೇಶದ ಫೋನು ತಯಾರಕ ಲಾವಾ ಕಂಪನಿಯ ಮೇಲೆ ದಿಲ್ಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು.

ಇವು ಬೇರೆ ಪೇಟೆಂಟುಗಳಂತಲ್ಲ. ಯಾರೋ ಹೊಸ ಬಗೆಯ ಪಂಪು ಕಂಡುಹಿಡಿದರೆ, ಬೇಡವೆಂದವರು ಇನ್ನೊಂದು ಪಂಪು ಕೊಳ್ಳಬಹುದು. ಆದರೆ ಎಲ್ಲ ಕಂಪನಿಗಳ ಫೋನೂ ಒಂದರೊಡನೊಂದು ಮಾತಾಡಬೇಕಾದರೆ ಎಲ್ಲವೂ ಒಂದೇ ಸ್ಟ್ಯಾಂಡರ್ಡ್ ಪಾಲಿಸಬೇಕು. ಅದರೊಳಗೆ ಸೇರಿಹೋದ ಪೇಟೆಂಟನ್ನು ಬಳಸದೆ ಫೋನು ಮಾಡಲು ದಾರಿಯೇ ಇಲ್ಲ. ಒಡೆಯನಿಗೆ ಸಿಗುವ ಈ ಬಲಕ್ಕೆ ಲಗಾಮು ಬೇಕೆಂದು, ಯುರೋಪಿನ ದೂರಸಂಪರ್ಕ ಸ್ಟ್ಯಾಂಡರ್ಡ್ ಸಂಸ್ಥೆ ಎಟ್ಸಿ ಪೇಟೆಂಟುದಾರರಿಂದ ಒಂದು ಮಾತು ತೆಗೆದುಕೊಳ್ಳುತ್ತದೆ: ನ್ಯಾಯವಾದ, ಸಮಂಜಸವಾದ, ತಾರತಮ್ಯವಿಲ್ಲದ ಷರತ್ತಿನ ಮೇಲೆ ಲೈಸೆನ್ಸ್ ಕೊಡಲು ಸಿದ್ಧ ಎಂದು. ದರ ಎಷ್ಟು ಎಂಬುದು ಆ ಮಾತಿನಲ್ಲಿಲ್ಲ. ಜಗಳವೆಲ್ಲ ಅಲ್ಲಿಂದಲೇ ಶುರು.

ಮೊದಲ ಜಗಳ, ಯಾವುದರ ಮೇಲೆ ಲೆಕ್ಕ ಹಾಕುವುದು? ಪೇಟೆಂಟಿನ ಕೆಲಸವೆಲ್ಲ ಒಂದು ಚಿಪ್ಪಿನೊಳಗೆ ನಡೆಯುತ್ತದೆ, ಚಿಪ್ಪಿನ ಬೆಲೆಯ ಮೇಲೆ ರಾಯಲ್ಟಿ ಕೇಳಿ ಎನ್ನುವುದು ಫೋನು ತಯಾರಕರ ವಾದ. ಚಿಪ್ಪು ಒಂಟಿಯಾಗಿ ಯಾರ ಕೆಲಸಕ್ಕೂ ಬಾರದು, ಇಡೀ ಫೋನಿಗೇ ಆ ಸಂಪರ್ಕದಿಂದ ಬೆಲೆ ಬಂದಿದೆ ಎನ್ನುವುದು ಪೇಟೆಂಟುದಾರರ ವಾದ. ಲಾವಾ ಮೇಲಿನ ದಾವೆಯಲ್ಲಿ 2024ರ ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟು ಇಡೀ ಫೋನಿನ ಮಾರಾಟ ಬೆಲೆಯನ್ನೇ ಒಪ್ಪಿ, ಶೇಕಡಾ 1.05ರ ದರ ಹಿಡಿಯಿತು. 5,000 ರೂಪಾಯಿಯ ಫೋನಿಗೆ 52 ರೂಪಾಯಿ 50 ಪೈಸೆ. ದೊಡ್ಡ ಕ್ಯಾಮೆರಾ ಹಾಕಿ ಅದನ್ನೇ 10,000ಕ್ಕೆ ಮಾರಿದರೆ 105 ರೂಪಾಯಿ, ಧ್ವನಿ ಹಿಂಡುವ ಕೆಲಸ ಎರಡರಲ್ಲೂ ಅಷ್ಟೇ ಆದರೂ. ಇಲ್ಲಿ ನನಗೆ ತಯಾರಕರ ವಾದವೇ ಹೆಚ್ಚು ಒಪ್ಪಿಗೆ.

ಎರಿಕ್ಸನ್ನಿನ ಎಂಟರಲ್ಲಿ ಏಳು ಪೇಟೆಂಟು ಕೋರ್ಟಿನಲ್ಲಿ ನಿಂತವು. ಲಾವಾ ಮಾತುಕತೆಯನ್ನು ಎಳೆದಾಡಿತು, ಲೈಸೆನ್ಸ್ ಪಡೆಯುವ ಮನಸ್ಸೇ ಅದಕ್ಕಿರಲಿಲ್ಲ ಎಂದು ತೀರ್ಪು ಹೇಳಿತು. ಪರಿಹಾರ ಸುಮಾರು 244 ಕೋಟಿ ರೂಪಾಯಿ. ವರ್ಷಗಟ್ಟಲೆ ಲ್ಯಾಬಿನಲ್ಲಿ ದುಡಿದವರ ಫಲವನ್ನು ಕಾಸು ಕೊಡದೆ ಉಣ್ಣುವುದು ಸರಿಯಲ್ಲ, ಆ ಮಟ್ಟಿಗೆ ತೀರ್ಪು ನ್ಯಾಯವೇ.

ಆದರೂ ಒಂದು ವಿಷಯ ನನ್ನನ್ನು ಕಾಡುತ್ತಲೇ ಇದೆ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಪಕ್ಕದವರು ಎಷ್ಟು ಕೊಟ್ಟರೆಂದು ನಮಗೆ ಕೇಳಿಸುತ್ತದೆ. ಲೈಸೆನ್ಸ್ ಮಾತುಕತೆಯಲ್ಲಿ ಹಾಗಲ್ಲ. ಗುಟ್ಟು ಬಿಟ್ಟುಕೊಡೆನೆಂದು ಮೊದಲು ಕರಾರಿಗೆ ಸಹಿ ಹಾಕಬೇಕು. ಉಳಿದವರ ಜೊತೆಗಿನ ಒಪ್ಪಂದಗಳೂ ಅಂಥ ಕರಾರಿನ ಬೀಗದೊಳಗೇ ಇರುತ್ತವೆ. ತಾರತಮ್ಯವಿಲ್ಲ ಎಂಬ ಮಾತನ್ನು ಸಣ್ಣ ಕಂಪನಿ ಹೇಗೆ ಪರೀಕ್ಷಿಸಬೇಕು? ಇನ್ನೊಂದು ಭಾರತೀಯ ಫೋನು ಕಂಪನಿ ಮೈಕ್ರೋಮ್ಯಾಕ್ಸ್ ಇದೇ ಎರಿಕ್ಸನ್ ಮೇಲೆ ದೂರು ಕೊಟ್ಟಾಗ, ಭಾರತದ ಸ್ಪರ್ಧಾ ಆಯೋಗ 2013ರಲ್ಲಿ ಈ ಗುಟ್ಟಿನ ಕರಾರಿನ ಮೇಲೇ ಬೆರಳಿಟ್ಟು ತನಿಖೆಗೆ ಆದೇಶಿಸಿತು. ವ್ಯಾಜ್ಯ ಹತ್ತು ವರ್ಷ ಎಳೆಯಿತು. ಪೇಟೆಂಟ್ ಕಾಯ್ದೆಯಲ್ಲೇ ಇದಕ್ಕೆ ದಾರಿಯಿದೆ, ಆಯೋಗ ಇಲ್ಲಿ ಕೈಹಾಕುವಂತಿಲ್ಲ ಎಂದು 2023ರ ಜುಲೈನಲ್ಲಿ ದಿಲ್ಲಿ ಹೈಕೋರ್ಟು ಹೇಳಿತು.